ಚಾಲೂ ಕಂಪ್ಯೂಟರು, ನಾಲ್ಕು ನಿಂಬೆಹಣ್ಣು

೨೦೦೧ರಲ್ಲಿ ನಾನು ಜಹೀರಾಬಾದಿನಲ್ಲಿ ಕಂಪ್ಯೂಟರ್ ಸರ್ವಿಸ್ ಇಂಜಿನಿಯರ್ ಆಗಿದ್ದೆ. ನಾರಾಯಣಖೇಡ, ತಾಂಡೂರುಗಳ ಕಂಪ್ಯೂಟರುಗಳ ಕಾಯಿಲೆ ಕಸಾಲೆಯೂ ನನ್ನ ಪಾಲಿಗೇ. ಪ್ರತ್ಯೇಕ ರಾಜ್ಯದ ಕೂಗು ಮತ್ತೆ ಎದ್ದಿದ್ದ ಕಾಲ. ರಸ್ತೆ ತಡೆ ಶುರುವಾದರೆ ಬಸ್ಸು ಇದ್ದಲ್ಲೇ ನಿಲ್ಲುತ್ತಿತ್ತು. ಹಾಗಾಗಿ ನನ್ನ ಚೀಲದಲ್ಲಿ ಫ್ಲಾಪಿಗಳ ಜೊತೆ ಒಂದಿಷ್ಟು ಚುರುಮುರಿಯೂ ಇರುತ್ತಿತ್ತು. ಸ್ವಭಾವದಲ್ಲಿ ನಾನು ಸಿಡುಕ. ಹಸಿದರೆ ಇನ್ನೂ ಸಿಡುಕ.

ದಸರೆಯ ಮರುದಿನ, ಶನಿವಾರ, ನಾರಾಯಣಖೇಡದಿಂದ ಕಾಶೀನಾಥರ ಫೋನು ಬಂತು. ಲಾರಿ ಓಡಿಸುವುದನ್ನು ಬಿಟ್ಟು ಟೈಪಿಂಗ್ ಅಂಗಡಿ ಇಟ್ಟವರು. ಅವರಲ್ಲಿದ್ದದ್ದು ಯಾರೋ ಬಳಸಿ ಬಿಟ್ಟ ೪೮೬ ಎಂಬ ಹಳೆಯ ಮಾದರಿಯ ಕಂಪ್ಯೂಟರು.

"ಸಾಬ್, ಲಗೂನ ಬರ್ರಿ. ಹುಡುಗಿ ಅಳಾಕತ್ಯಾಳ," ಎಂದರು.

ಹುಡುಗಿ ಎಂದರೆ ರತ್ನಮಾಲಾ. ನಾಗಲಗಿದ್ದದ ಬೌದ್ಧ ಕುಟುಂಬದವಳು, ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ತಾಂಡೂರಿನ ಕಲ್ಲುಗಣಿಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದಳು. ಸೋಮವಾರ ಗುಲ್ಬರ್ಗಾದಲ್ಲಿ ಸಲ್ಲಿಸಲು ಕಡೆಯ ದಿನ. ಮೂರು ಅಧ್ಯಾಯ ಅಚ್ಚಾಗಿದ್ದವು. ಉಳಿದೆರಡನ್ನು ನೇರವಾಗಿ ಕಾಶೀನಾಥರ ಕಂಪ್ಯೂಟರಿನಲ್ಲೇ ಬರೆದಿದ್ದಳು, ಅದೀಗ ಶುರುವಾಗುತ್ತಿರಲಿಲ್ಲ. ಬೇರೆಲ್ಲೂ ಪ್ರತಿ ಇರಲಿಲ್ಲ. ಐದನೆಯದು ಗಣಿಯಲ್ಲಿ ದುಡಿದಿದ್ದ ಅವಳ ತಾಯಿಯೇ ಹೇಳಿದ ಅನುಭವ. ತಾಯಿ ಮತ್ತೆ ಹೇಳಬಲ್ಲಳು, ಆದರೆ ಸೋಮವಾರ ಕಾಯುವುದಿಲ್ಲವಲ್ಲ.

ನಾನು ತಲುಪಿದಾಗ ರತ್ನಮಾಲಾ ಅಳು ನಿಲ್ಲಿಸಿ ಕೈಕಟ್ಟಿ ಕುಳಿತಿದ್ದಳು. ಅದನ್ನು ನೋಡಿ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಫ್ಲಾಪಿಯಿಂದ ಕಂಪ್ಯೂಟರ್ ಶುರುಮಾಡಿ ಹಾರ್ಡ್ ಡಿಸ್ಕನ್ನು ಓದಲು ಹೋದರೆ ಪರದೆಯ ಮೇಲೆ ಡೇಟಾ ಎರರ್. ಒಳಗಿಂದ ಟಕ್, ಟಕ್ ಎಂದು ಸಣ್ಣ ಸದ್ದು. ತಕ್ಷಣ ಸ್ವಿಚ್ ಆರಿಸಿದೆ.

ಈಗ ನನ್ನ ಮುಂದೆ ಎರಡು ದಾರಿಗಳಿದ್ದವು. ವೈರಸ್ಸೋ ಕರೆಂಟಿನ ಏರಿಳಿತವೋ ಕಾರಣವಾಗಿದ್ದರೆ ರಿಪೇರಿ ಪ್ರೋಗ್ರಾಂ ಓಡಿಸಬಹುದು. ಅದು ಇಡೀ ಡಿಸ್ಕನ್ನು ತಡಕಾಡಿ ಸರಿಪಡಿಸುತ್ತದೆ. ಆದರೆ ಡಿಸ್ಕಿಗೆ ಪೆಟ್ಟು ಬಿದ್ದಿದ್ದರೆ ಅಂಥ ತಡಕಾಟವೇ ಅದನ್ನು ಕೊಲ್ಲುತ್ತದೆ. ಆಗ ಬೇಕಾದ ಫೈಲನ್ನಷ್ಟೇ ಎತ್ತಿಕೊಂಡು ಕೈಬಿಡಬೇಕು.

"ಏನಾಯಿತು? ಬಿದ್ದಿತ್ತೇ?" ಎಂದು ಗದರಿದೆ.

"ಏನೂ ಆಗಿಲ್ರಿ. ನಿನ್ನೆ ಪೂಜಾ ಮಾಡೀವಿ, ಅಷ್ಟ," ಎಂದು ಕಾಶೀನಾಥರು ಬಾಗಿಲ ಕಡೆ ನೋಡಿದರು.

ಎರಡನೇ ಸಲ ಇನ್ನೂ ಜೋರಾಗಿ ಕೇಳಿದೆ. ಅವರು ಕೀಬೋರ್ಡಿನ ಧೂಳು ಒರೆಸತೊಡಗಿದರು. ಆಗ ರತ್ನಮಾಲಾ ಎದ್ದು ಅವರ ಬಳಿ ಹೋದಳು.

"ಕಾಕಾ, ನಿಮ್ ಕೈಲೇ ಆಗಿದ್ರೂ ನಾ ಏನೂ ಅನ್ನಂಗಿಲ್ರಿ. ಖರೇ ಹೇಳ್ರಿ."

ಕಾಶೀನಾಥರು ಕಂಪ್ಯೂಟರ್ ಇಟ್ಟಿದ್ದ ಚಕ್ರದ ಮೇಜನ್ನು ತೋರಿಸಿದರು. "ಗಾಡಿ ಪೂಜಾ ಮಾಡ್ದಂಗ ಮಾಡೀನಿ ತಾಯಿ. ನಾಕೂ ಗಾಲಿ ತೆಳಗ ನಿಂಬಿಕಾಯಿ ಇಟ್ಟು ಮುಂದ ತಳ್ಳೀನಿ. ಒಂದು ಒಡೀಲಿಲ್ಲ, ಜೋರಲೆ ನೂಕೀನಿ, ಟೇಬಲ್ ಗ್ವಾಡಿಗಿ ಬಡೀತು."

"ಆಗ ಕಂಪ್ಯೂಟರ್ ಆನ್ ಇತ್ತೇ?"

"ಬಂದ್ ಇಟ್ಟು ಪೂಜಾ ಮಾಡ್ತಾರೇನ್ರಿ ಸಾಬ್? ಲಾರಿನೂ ಚಾಲೂ ಇಟ್ಟೇ ಮಾಡ್ತಿದ್ದೆ."

ನಗು ಬಂತು, ಕಾರಣವೂ ಸಿಕ್ಕಿತು. ಡಿಸ್ಕ್ ತಿರುಗುವಾಗ ಓದುವ ಹೆಡ್ಡು ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಗೋಡೆಗೆ ಬಡಿದಾಗ ಅದು ಡಿಸ್ಕನ್ನು ಗೀರಿರಬೇಕು. ರಿಪೇರಿ ಪ್ರೋಗ್ರಾಮಿನ ಫ್ಲಾಪಿಯನ್ನು ಚೀಲಕ್ಕೆ ಹಾಕಿದೆ.

ಯಾವ ಫೈಲಿನ ತುಂಡುಗಳು ಎಲ್ಲೆಲ್ಲಿವೆ ಎಂದು ಹೇಳುವ ಫ್ಯಾಟ್ ಎಂಬ ಪಟ್ಟಿ ಡಿಸ್ಕಿನ ಆರಂಭದಲ್ಲಿರುತ್ತದೆ. ಅದು ಕೆಟ್ಟರೆ ಫೈಲು ಇದ್ದೂ ಇಲ್ಲದಂತೆ. ಪುಣ್ಯಕ್ಕೆ ಅದರ ಪಕ್ಕದಲ್ಲೇ ಇನ್ನೊಂದು ನಕಲು ಇರುತ್ತದೆ. ಡಿಸ್ಕ್ ಎಡಿಟರ್ ಎಂಬ ಪ್ರೋಗ್ರಾಮಿನಲ್ಲಿ ನೋಡಿದರೆ ಮೊದಲನೆಯದು ಹಾಳು, ಎರಡನೆಯದು ಓದಲು ಬರುತ್ತಿತ್ತು. ಅದನ್ನೇ ನಂಬಿ ನಾಲ್ಕನೇ ಅಧ್ಯಾಯವನ್ನು ಫ್ಲಾಪಿಗೆ ಎಳೆದೆ. ಬಂತು.

ಐದನೆಯದು ಅರ್ಧಕ್ಕೆ ನಿಂತಿತು. ಮತ್ತೆ ಟಕ್, ಟಕ್. ಆರಿಸಿ, ಡಿಸ್ಕ್ ತಣ್ಣಗಾಗಲೆಂದು ಕಾದೆವು. ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿ ಶುರುವಾಯಿತು, ದೀಪ ಮಂಕಾಯಿತು. ಡಿಸ್ಕ್ ಓಡುವಾಗ ಹೀಗೆ ಕರೆಂಟು ಕುಸಿದರೆ ಎಲ್ಲ ಮುಗಿದಂತೆ. ನಾನು ಹೇಳುವ ಮೊದಲೇ ಕಾಶೀನಾಥರು ಗಿರಣಿಗೆ ಓಡಿದರು. ಜೋಳದ ಡಬ್ಬಿ ಹಿಡಿದು ನಿಂತವರು ಬೈಯುವುದು ಕೇಳಿಸಿತು, "ಹುಡುಗಿ ಪರೀಕ್ಷಾದ್ದು ಅದರೀ, ಕೈ ಮುಗೀತೀನಿ," ಎಂದು ಇವರು ಗೋಗರೆಯುವುದೂ ಕೇಳಿಸಿತು. ಗಿರಣಿ ನಿಂತಿತು.

ಮತ್ತೆ ಸ್ವಿಚ್ ಹಾಕಿದೆ. ರತ್ನಮಾಲಾ ಪರದೆ ನೋಡಲಾರದೆ ಬೆನ್ನು ತಿರುಗಿಸಿ ನಿಂತಳು. ಫ್ಲಾಪಿ ಗುರಗುಟ್ಟಿ ನಿಂತಿತು. ಫೈಲು ಪೂರ್ತಿ ಬಂದಿತ್ತು. ಇನ್ನೊಂದು ಪ್ರತಿ ತೆಗೆಯೋಣವೆಂದು ಕೈ ಹಾಕಿದೆ. ಡಿಸ್ಕ್ ಕರ್ರೆಂದು ಕಿರುಗುಟ್ಟಿ ಶಾಶ್ವತವಾಗಿ ಸುಮ್ಮನಾಯಿತು.

ಜಹೀರಾಬಾದಿನಲ್ಲಿ ನಮ್ಮ ಆಫೀಸಿನ ಪ್ರಿಂಟರಿನಿಂದ ಎಲ್ಲ ಅಚ್ಚು ಹಾಕಿಸಿಕೊಂಡು ಅವಳು ಸೋಮವಾರ ಗುಲ್ಬರ್ಗಾ ತಲುಪಿದಳು. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಮುಂದಿನ ದಸರೆಗೆ ಕಾಶೀನಾಥರು ನನ್ನನ್ನು ಕರೆದಿದ್ದರು. ಪೂಜೆಗೆ ಮೊದಲೇ ಹೊಸ ಕಂಪ್ಯೂಟರನ್ನು ಬಂದ್ ಮಾಡಿ ಪ್ಲಗ್ಗನ್ನೂ ಕಿತ್ತಿಟ್ಟಿದ್ದರು. ದೇವರ ಜಗಲಿಯ ಮೇಲೆ ಆ ಸತ್ತ ಡಿಸ್ಕಿಗೆ ಮೂರು ಪಟ್ಟಿ ವಿಭೂತಿ.

"ಹುಡುಗಿ ಬರದದ್ದು ಆಕಿ ಕೈಗಿ ಕೊಟ್ಟೇ ಹೋತಲ್ರಿ," ಎಂದರು.

ಯಂತ್ರ ಬಿಚ್ಚುವುದನ್ನು ನನಗೆ ಅನೇಕರು ಕಲಿಸಿದ್ದರು. ಮನುಷ್ಯರ ಬಾಯಿ ಬಿಡಿಸಲು ಗದರಿಕೆ ಕೆಲಸಕ್ಕೆ ಬಾರದೆಂದು ಕಲಿಸಿದವಳು ರತ್ನಮಾಲಾ. ಅಂದಿನಿಂದ ಎಲ್ಲಿಗೇ ಹೋದರೂ ಮೊದಲು ಕುಳಿತು ಚಹಾ ಕುಡಿಯುತ್ತಿದ್ದೆ, ಆಮೇಲೆ ಏನಾಯಿತೆಂದು ಕೇಳುತ್ತಿದ್ದೆ. ಹೆಚ್ಚಿನವರು ಚಹಾ ಮುಗಿಯುವುದರೊಳಗೆ ಹೇಳಿಬಿಡುತ್ತಿದ್ದರು.