ಪಾಠಕ್ಕೆ ಬಂದ ಮದುವೆ ಕ್ಯಾಮರ

ಐವನ್ ಕ್ರಾಸ್ತಾನಿಗೆ ಯೂನಿವರ್ಸಿಟಿಯವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಪ್ಪತ್ತಾರು ವರ್ಷ ಜನರ ಮುಖ ಹಿಡಿದೇ ಅನ್ನ ಉಂಡವನನ್ನು ಕರೆಸಿ, ಮಕ್ಕಳ ಮುಖ ಒಂದೂ ಕ್ಯಾಮರದಲ್ಲಿ ಬರಬಾರದು ಅಂದರೆ ಅದು ಮರ್ಯಾದೆಯ ಮಾತೇ? ಅಡುಗೆಯವನನ್ನು ಕರೆಸಿ ಉಪ್ಪು ಮುಟ್ಟಬೇಡ ಅಂದ ಹಾಗೆ.

ಬದಿಯಡ್ಕ ಪೇಟೆಯ ಒಂದು ಮಾಳಿಗೆಯಲ್ಲಿ ಅವನ ಸ್ಟುಡಿಯೊ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮದುವೆ ವಿಡಿಯೊದಲ್ಲಿ ತನ್ನನ್ನು ಮೀರಿಸುವವರು ಕಾಸರಗೋಡಿನಲ್ಲೇ ಇಲ್ಲ ಎಂದು ಅವನೇ ಹೇಳುತ್ತಾನೆ. ಆ ಕಸುಬಿನ ಧರ್ಮ ಒಂದೇ, ಬಂದವರ ಮುಖ ಬಿಡಬಾರದು. ಒಮ್ಮೆ ಕುಂಜತ್ತೂರಿನಲ್ಲಿ, ಮದುವೆಯ ಮುಂಚಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಕಾರ್ಯಕ್ರಮದಲ್ಲಿ, ಮದುಮಗಳ ಅತ್ತೆ ಮಗ್ದಲಿನ್ ಹಾಲು ಹೊಯ್ಯುವ ಹೊತ್ತಿಗೇ ಬ್ಯಾಟರಿ ಹೋಯಿತು. ಹನ್ನೊಂದು ವರ್ಷವಾಯಿತು, ಆ ಹೆಂಗಸು ಇಗರ್ಜಿಯಲ್ಲಿ ಎದುರು ಸಿಕ್ಕಿದರೂ ಇವನಿಗೆ ಬೆನ್ನು ಹಾಕುತ್ತಾಳೆ. ಅಲ್ಲಿಂದ ಮೇಲೆ ಐವನ್ ಊಟದ ಪಂಕ್ತಿಯಲ್ಲಿ ಹಪ್ಪಳ ಕಡಿಯುವವರನ್ನೂ ಬಿಟ್ಟವನಲ್ಲ.

ಹೀಗಿದ್ದವನನ್ನು ಕಾನೂನು ವಿಭಾಗದ ಮೂಕಾಂಬಿಕಾ ಟೀಚರ್ ಕರೆಸಿದರು. ಕ್ಲಾಸಿಗೆ ಬರಲಾಗದ ಮಕ್ಕಳು ಆಮೇಲೆ ನೋಡಿಕೊಳ್ಳಲು ಪಾಠಗಳ ವಿಡಿಯೊ ಬೇಕಿತ್ತು. ಮೊದಲ ದಿನ ಐವನ್ ತನ್ನ ವಿದ್ಯೆಯನ್ನೆಲ್ಲ ತೋರಿಸಿದ. ಎಡದ ಬೆಂಚಿನಿಂದ ಬಲದ ಬೆಂಚಿನವರೆಗೆ, ಪಂಕ್ತಿ ತೆಗೆದ ಹಾಗೆ, ಒಂದೊಂದೇ ಮುಖ ಹಿಡಿದ. ಹಿಂದಿನ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಮನೀಶನೆಂಬ ಹುಡುಗನನ್ನು ಹತ್ತಿರ ಎಳೆದು ತೋರಿಸಿದ. ಎಡಿಟ್ ಮಾಡುವಾಗ ನಾದಸ್ವರ ಸೇರಿಸಿದ. ಟೀಚರ್ ಎರಡು ಕೆಂಪು ಹೃದಯಗಳ ನಡುವಿನಿಂದ ಪ್ರತ್ಯಕ್ಷರಾಗಿ, ಮೇಲಿನಿಂದ ಗುಲಾಬಿ ಎಸಳು ಉದುರುತ್ತಿರುವಾಗ, "ಕರಾರು ಕಾಯಿದೆಯ ಎರಡನೇ ಸೆಕ್ಷನ್" ಎಂದು ಪಾಠ ಶುರು ಮಾಡಿದರು.

ಟೀಚರ್ ಅದನ್ನು ಕೊನೆಯ ಎಸಳು ಉದುರುವವರೆಗೂ ನೋಡಿದರು.

"ಐವನಣ್ಣ, ಇದೆಂತ ಮಾಡಿಟ್ಟಿದ್ದೀರಿ? ಈ ಮಕ್ಕಳನ್ನು ಕೇಳಿದ್ದೀರಾ ನೀವು?"

"ಕೇಳ್ಲಿಕ್ಕೆ ಎಂತ ಉಂಟು ಟೀಚರೇ? ಮುಖ ಬಿಟ್ರೆ ಅಲ್ವಾ ಜಗಳ?"

"ಇಲ್ಲಿ ಹಿಡಿದ್ರೆ ಜಗಳ. ಅವರು ಕಲೀಲಿಕ್ಕೆ ಬಂದವರು, ಮದುವೆಗೆ ಬಂದವರಲ್ಲ."

ಆ ಫೈಲನ್ನು ಅಳಿಸಿದ್ದಾಯಿತು. ಮರುದಿನ ಟೀಚರ್ ನೆಲಕ್ಕೆ ಹಳದಿ ಟೇಪು ಅಂಟಿಸಿದರು. ಕ್ಯಾಮರ ಆ ಗೆರೆ ದಾಟಿ ತಿರುಗಬಾರದು. ರೆಕಾರ್ಡಿಂಗ್ ಉಂಟು ಎಂದು ಬಾಗಿಲಲ್ಲಿ ಬೋರ್ಡು ಬಂತು. ಮಕ್ಕಳು ಪ್ರಶ್ನೆ ಕೇಳಿದರೆ ಅವರ ಸ್ವರವನ್ನು ಕತ್ತರಿಸಬೇಕು, ಪ್ರಶ್ನೆಯನ್ನು ಟೀಚರೇ ತಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಶುಕ್ರವಾರ ವಿಡಿಯೊ ಒಪ್ಪಿಸಿ, ತನ್ನಲ್ಲಿರುವುದನ್ನು ಅಳಿಸಬೇಕು. ಅಲ್ಲಿಯವರೆಗೆ ಯಾರಿಗೂ ತೋರಿಸುವ ಹಾಗಿಲ್ಲ. ಐವನ್ ಸಹಿ ಹಾಕಿದ, ಆದರೆ ಪೆನ್ನಿನ ಮೊನೆ ಕಾಗದ ತೂತು ಮಾಡುವಷ್ಟು ಒತ್ತಿ.

ಮುಂದಿನ ಪಾಠದ ದಿನ ಇಯರ್‌ಫೋನ್ ಕಿವಿಗಿಟ್ಟು ಬರೀ ಟೀಚರನ್ನೂ ಬೋರ್ಡನ್ನೂ ಹಿಡಿಯುತ್ತಾ ಆಕಳಿಸುತ್ತಿದ್ದ. ಹಿಂದಿನಿಂದ ಒಂದು ಹುಡುಗಿಯ ಸ್ವರ ಬಂತು.

"ಟೀಚರ್, ನಿಶ್ಚಯ ಆದ ಮೇಲೆ ಹುಡುಗಿ ಬೇಡ ಹೇಳಿದ್ರೆ ಅವಳ ಮೇಲೆ ಕೇಸು ಹಾಕ್ಲಿಕ್ಕೆ ಆಗ್ತದಾ? ಅವಳಿಗೆ ಮೊದಲೇ ಇಷ್ಟ ಇರ್ಲಿಲ್ಲ. ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ."

ಐವನನ ಆಕಳಿಕೆ ಅರ್ಧಕ್ಕೇ ನಿಂತಿತು. ಅದು ದೀಪ್ತಿಯ ಸ್ವರ. ಹೋದ ತಿಂಗಳು ಅವಳ ನಿಶ್ಚಿತಾರ್ಥದ ವಿಡಿಯೊ ತೆಗೆದವನು ಅವನೇ. ಬರುವ ತಿಂಗಳ ಮದುವೆಗೂ ಅವನನ್ನೇ ಹೇಳಿಟ್ಟಿದ್ದರು.

ಪ್ರಶ್ನೆ ಕತ್ತರಿಸುವ ಕೆಲಸ ಗುರುವಾರದವರೆಗೆ ಹಾಗೆಯೇ ಬಿದ್ದಿತ್ತು. ಗುರುವಾರ ಕಂಪ್ಯೂಟರಿನಲ್ಲಿ ಸರಿಯಾಗಿ ಆ ಜಾಗಕ್ಕೆ ತಂದು ನಿಲ್ಲಿಸಿದ್ದಾನೆ, ದೀಪ್ತಿಯ ಅಪ್ಪ ಮಹೇಶ್ವರ ಭಟ್ಟರು ನಿಶ್ಚಿತಾರ್ಥದ ಆಲ್ಬಮ್ ನೋಡಲು ಮೆಟ್ಟಿಲು ಹತ್ತಿ ಬಂದರು.

"ಓಹೋ ಪೊರ್ಬುಗಳೇ," ಎಂದರು, ಕ್ರಿಶ್ಚಿಯನರನ್ನು ಆ ಕಡೆ ಕರೆಯುವ ಹಾಗೆ. "ಅದು ನಮ್ಮ ಮಗಳ ಕ್ಲಾಸಲ್ವಾ? ಇವಳು ಭಾರೀ ಪ್ರಶ್ನೆ ಕೇಳ್ತಾಳಂತೆ. ಸ್ವಲ್ಪ ಹಾಕಿ, ಬೀಗರಿಗೆ ಹೇಳ್ಲಿಕ್ಕೆ ಆಗ್ತದೆ."

"ಆಗುದಿಲ್ಲ ಭಟ್ರೇ."

"ಯಾಕೆ, ಕರೆಂಟು ಇಲ್ವಾ?"

"ಇಲ್ಲ," ಎಂದು ಐವನ್ ಕೈ ಹಿಂದೆ ಚಾಚಿ ಪ್ಲಗ್ಗು ಕಿತ್ತ. ಆದರೆ ಯುಪಿಎಸ್ ಎಂಬ ದರಿದ್ರ ಪೆಟ್ಟಿಗೆ ಪೀಂ ಪೀಂ ಎನ್ನುತ್ತಾ ಪರದೆಯನ್ನು ಬೆಳಗಿಸಿಯೇ ಇಟ್ಟಿತು. ಭಟ್ಟರು ಮೌಸಿಗೆ ಕೈ ಹಾಕಿದರು. ಐವನ್ ಎದ್ದು ಎರಡು ಕೈಯಲ್ಲಿ ಮಾನಿಟರನ್ನು ಅಪ್ಪಿಕೊಂಡ.

"ಅದಕ್ಕೆ ಅವಳ ಪರ್ಮಿಶನ್ ಬೇಕು!"

"ನನ್ನ ಮಗಳ ಸ್ವರ ಕೇಳ್ಲಿಕ್ಕೆ ನನಗೆ ಪರ್ಮಿಶನ್ನಾ? ಹೋದ ತಿಂಗಳು ನಮ್ಮ ಮನೆಯಲ್ಲಿ ಬಚ್ಚಲು ಒಂದು ಬಿಟ್ಟು ಎಲ್ಲ ತೆಗೆದಿದ್ದೀರಿ ಮಾರಾಯ್ರೆ!"

"ಅದು ಮದುವೆ ಕೆಲಸ. ಇದು ಪಾಠ. ಅವಳು ಕಲೀಲಿಕ್ಕೆ ಬಂದವಳು!" ಟೀಚರ ಮಾತು ತನ್ನ ಬಾಯಿಯಿಂದ ಬಂದದ್ದು ಕೇಳಿ ಐವನಿಗೆ ಇನ್ನಷ್ಟು ಸಿಟ್ಟು ಬಂತು.

ಭಟ್ಟರ ಕಣ್ಣು ಸಣ್ಣದಾಯಿತು. "ಎಂತದೋ ಅಡಗಿಸ್ತಿದ್ದೀರಿ ನೀವು."

ಐವನಿಗೆ ಸುಳ್ಳು ಹೊಳೆಯಲಿಲ್ಲ. ಹುಟ್ಟಿನಿಂದ ಅವನಿಗೆ ಚೆನ್ನಾಗಿ ಬರುವುದು ಒಂದೇ, ಬೊಬ್ಬೆ. ಅದನ್ನೇ ಹಾಕಿದ.

"ಅಡಗಿಸುದಾ? ನಾನು ಕಳ್ಳನಾ? ನಾಳೆ ನಿಮ್ಮ ವಿಡಿಯೊ ಬೀದಿಯವರಿಗೆಲ್ಲ ತೋರಿಸ್ಲಾ? ನಿಮ್ಮ ತಮ್ಮ ಪಾಯಸ ಎಷ್ಟು ಸಲ ಹಾಕಿಸಿಕೊಂಡ ಅಂತ ಈಗಲೇ ಪೇಟೆಗೆ ತೋರಿಸ್ಲಾ? ಇಳೀರಿ ಕೆಳಗೆ!"

ಕೆಳಗಿನ ಬಟ್ಟೆ ಅಂಗಡಿಯ ಲೋಲಾಕ್ಷಿ ಅಳತೆ ಕೋಲು ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದಳು. ಭಟ್ಟರಿಗೆ ಮಗಳ ಪ್ರಶ್ನೆ ಮರೆತು ತಮ್ಮನ ಪಾಯಸದ ಮಾನವೇ ದೊಡ್ಡದಾಯಿತು.

"ಮದುವೆಗೆ ನೀವು ಬೇಡ! ಮಂಗಲ್ಪಾಡಿಯಿಂದ ಬೇರೆಯವರನ್ನು ತರಿಸ್ತೇನೆ!" ಎನ್ನುತ್ತಾ ಇಳಿದು ಹೋದರು.

ತನ್ನ ಆ ಬಾಯಿಯಿಂದ ಐವನ್ ಕಳೆದುಕೊಂಡ ಗಿರಾಕಿಗಳಿಗೆ ಲೆಕ್ಕವಿಲ್ಲ. ಅದು ಯಾರಿಗೋ ಉಪಕಾರಕ್ಕೆ ಬಂದದ್ದು ಅದೊಂದೇ ಸಲ. ಅವರು ಇಳಿದದ್ದೇ ಪ್ಲಗ್ಗು ಚುಚ್ಚಿ, ದೀಪ್ತಿಯ ಸ್ವರವನ್ನು ಕತ್ತರಿಸಿ ಅಳಿಸಿದ.

ಹತ್ತು ದಿನ ಕಳೆದು ದೀಪ್ತಿಯೇ ಸ್ಟುಡಿಯೊಗೆ ಬಂದಳು. ಸ್ಟುಡಿಯೊದ ಜಗಳವನ್ನು ಅಪ್ಪನ ಬಾಯಿಂದಲೇ ಕೇಳಿ ಅವಳಿಗೆ ಎಲ್ಲ ಅರ್ಥವಾಗಿತ್ತು. ಆಮೇಲೆ ಈ ಮದುವೆ ಬೇಡವೆಂದು ಮನೆಯಲ್ಲಿ ತಾನೇ ಬಾಯಿಬಿಟ್ಟು ಹೇಳಿದ್ದಳಂತೆ. ಅಪ್ಪ ಎರಡು ದಿನ ಊಟ ಬಿಟ್ಟು, ಮೂರನೇ ದಿನ ಬೀಗರ ಮನೆಗೆ ಹೋಗಿ ಬಂದರಂತೆ. ಮದುವೆ ನಿಂತಿತ್ತು.

"ಬೇರೆಯವರ ಬಾಯಿಂದ ಅಪ್ಪನಿಗೆ ಗೊತ್ತಾಗಿದ್ರೆ ನಾನು ಸತ್ತೇ ಹೋಗ್ತಿದ್ದೆ ಅಂಕಲ್. ನನ್ನಿಂದಾಗಿ ನಿಮ್ಮ ಕೆಲಸ ಹೋಯ್ತು. ಒಂದು ಮದುವೆ ನಿಮಗೆ ನಾನು ಬಾಕಿ. ನನ್ನದು ಯಾವಾಗ ಆದ್ರೂ ಕ್ಯಾಮರ ನಿಮ್ಮದೇ."

"ಆಯ್ತು ಆಯ್ತು, ಮೊದಲು ಓದು," ಎಂದು ಐವನ್ ಗದರಿದ. ಅವಳು ಹೋದ ಮೇಲೆ ಮಾತ್ರ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ "ದೀಪ್ತಿ, ಒಂದು ಮದುವೆ" ಎಂದು ಬರೆದಿಟ್ಟ.

ನಾಲ್ಕು ಕ್ಯಾಲೆಂಡರ್ ಬದಲಾದವು, ಪ್ರತಿ ಸಲವೂ ಆ ಸಾಲನ್ನು ಹೊಸದಕ್ಕೆ ಇಳಿಸಿದ. ದೀಪ್ತಿ ಕಾಸರಗೋಡಿನಲ್ಲಿ ವಕೀಲಳಾದಳು. ಮೊನ್ನೆ ಲೋಲಾಕ್ಷಿ ಮೇಲೆ ಹತ್ತಿ ಬಂದು, ಭಟ್ಟರ ಮಗಳಿಗೆ ರಿಜಿಸ್ಟರ್ ಮದುವೆಯಂತೆ, ಸೋಮವಾರವೇ ಆಯಿತಂತೆ ಎಂದಳು. ಐವನ್ ಅಲ್ಲಿಂದಲೇ ಫೋನು ತಿರುಗಿಸಿದ.

"ಎಂತ ದೀಪ್ತಿ, ನನಗೆ ಹೇಳ್ಲಿಲ್ವಲ್ಲ ನೀನು?"

"ಅಯ್ಯೋ ಅಂಕಲ್, ಹತ್ತು ನಿಮಿಷದ ಕೆಲಸ. ಬೇಗ ಸಹಿ ಹಾಕಿ ನಾನು ಕೋರ್ಟಿಗೆ ಓಡಿದ್ದು. ಕ್ಯಾಮರಕ್ಕೆ ಎಂತ ಉಂಟು ಅಲ್ಲಿ?"

"ಹಾಗಾದ್ರೆ ನನ್ನ ಮದುವೆ?"

ಆ ಕಡೆ ದೀಪ್ತಿ ಯಾವುದೋ ಫೈಲು ಮುಚ್ಚಿದ ಸದ್ದು ಕೇಳಿತು.

"ಅದು ಬಾಕಿ ಉಂಟು ಅಂಕಲ್," ಎಂದಳು. "ಆದ್ರೆ ನಾನು ಇನ್ನೊಂದು ಸಲ ಮದುವೆ ಆಗ್ಲಿಕ್ಕೆ ಇಲ್ಲ."