ಕಾಗೆಗಿಟ್ಟ ಅನ್ನ, ಹಕ್ಕಿಯ ಅರ್ಜಿ

ಇಂಗ್ಲೆಂಡಿನ ಲೀಡ್ಸ್‌ನ ಹೊರಗೆ ಗುಡ್ಡದ ಬುಡದಲ್ಲಿ ನಮ್ಮ ಮನೆ. ಹಿತ್ತಲಿನ ಕಲ್ಲುಗೋಡೆಯಾಚೆಯ ಹುಲ್ಲುಗಾವಲು ಕುರಿ ಸಾಕುವ ಒಬ್ಬ ಹೆಂಗಸಿನದು. ಎಪ್ಪತ್ತು ದಾಟಿದ ಒಂಟಿ ಜೀವ. ನಾನು ಸಾಫ್ಟ್‌ವೇರ್‌ನವಳು ಎಂಬ ಒಂದೇ ತಪ್ಪಿಗೆ ಆಕೆಯ ಸರ್ಕಾರಿ ಅರ್ಜಿ ನನ್ನ ಕೊರಳಿಗೆ ಗಂಟುಬಿತ್ತು.

ಯೋಜನೆ ಕೇಳಲು ಚೆಂದವೇ. ನೆಲದ ಮೇಲೆ ಮೊಟ್ಟೆಯಿಡುವ ಲ್ಯಾಪ್‌ವಿಂಗ್ ಹಕ್ಕಿ, ಅಂದರೆ ನಮ್ಮೂರ ಟಿಟ್ಟಿಭದ ನೆಂಟ, ಮರಿ ಮಾಡುವವರೆಗೆ ಅಲ್ಲಿ ಕುರಿ ಬಿಡಬಾರದು, ಹುಲ್ಲು ಕೊಯ್ಯಬಾರದು. ಅದಕ್ಕೆ ಪ್ರತಿಯಾಗಿ ಸರ್ಕಾರದ ನೆರವು. ಆದರೆ ಆ ವೆಬ್‌ಸೈಟ್! ಒಂದೇ ನಕ್ಷೆಯನ್ನು ಎರಡು ಸಲ ಕೇಳಿ, ಮೂರನೆಯ ಸಲಕ್ಕೆ ನನ್ನನ್ನೇ ಹೊರಗೆ ಹಾಕುತ್ತಿತ್ತು. ಇಂಥದ್ದನ್ನು ನಾನು ಬರೆದಿದ್ದರೆ ಕೆಲಸ ಅಂದೇ ಹೋಗುತ್ತಿತ್ತು. ಚಳಿಗಾಲದ ಶನಿವಾರಗಳೆಲ್ಲ ಮಣ್ಣುಪಾಲಾದ ಮೇಲೆ ಒಪ್ಪಿಗೆ ಬಂತು.

"ಈ ಸಲ ಗೂಡಲ್ಲಿ ಮರಿ ಕಾಣಿಸದಿದ್ದರೆ ನನ್ನ ಹೊಲ ಯೋಜನೆಯಿಂದ ಹೊರಗೆ. ಆಮೇಲೆ ಕುರಿ ಮಾರೋದೇ," ಎಂದಿದ್ದಳು ಆಕೆ.

ಏಪ್ರಿಲ್‌ನಲ್ಲಿ ಮಾವನವರ ತಿಥಿ ಬಂತು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅತ್ತೆ, "ಕಾಗೆ ಮುಟ್ಟೋವರೆಗೂ ಯಾರೂ ಊಟಕ್ಕೆ ಕೂರಬೇಡಿ," ಎಂದುಬಿಟ್ಟರು. ನಮ್ಮ ಹಿತ್ತಲಿಗೆ ಒಂದು ಕಾಗೆಯೂ ಬರಲಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದಿದ್ದ ಗಂಡ ಹಸಿವಿನಿಂದ ಗೊಣಗುತ್ತಿದ್ದ. ನನಗೂ ರೇಗಿಹೋಯಿತು.

"ಕೊಡಿ ಅತ್ತೆ, ಆ ಹೊಲದ ಗೋಡೆ ಮೇಲೆ ಇಟ್ಟು ಬರ್ತೀನಿ," ಎಂದೆ.

ಐದೇ ನಿಮಿಷದಲ್ಲಿ ಕಾಗೆಗಳು ಇಳಿದವು. ಅತ್ತೆಯ ಕಣ್ಣು ತುಂಬಿತು. "ನೋಡು, ಬಂದೇಬಿಟ್ರು." ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಅದೇ ಗೋಡೆಯ ಮೇಲೆ ಒಂದು ತುತ್ತು ಅನ್ನ. ಅತ್ತೆಗೆ ಹೊತ್ತು ಹೋಗಲು ಏನೋ ಒಂದು ಸಿಕ್ಕಿತಲ್ಲ ಎಂದು ನಾನು ಸುಮ್ಮನಿದ್ದೆ.

ಮೇ ತಿಂಗಳಲ್ಲಿ ತಪಾಸಣೆಯವನು ಬಂದ. ಹಿಂದಿನ ವಾರ ನಾವೇ ಎಣಿಸಿದ್ದ ನಾಲ್ಕು ಗೂಡುಗಳಲ್ಲೂ ಬರೀ ಒಡೆದ ಚಿಪ್ಪು.

"ಈ ವರ್ಷ ಎಲ್ಲಿಲ್ಲದ ಕಾಗೆಗಳು," ಎಂದಳು ಆಕೆ, ಅರ್ಥವಾಗದೆ.

ಅದೇ ಹೊತ್ತಿಗೆ ಅತ್ತೆ ತಟ್ಟೆ ಹಿಡಿದು "ಕಾ... ಕಾ..." ಎಂದು ಕರೆಯುತ್ತ ಹಿತ್ತಲ ಬಾಗಿಲಿನಿಂದ ಹೊರಬಂದರು. ಗೋಡೆಯ ಮೇಲೆ ಕಾಗೆಗಳು ಸಾಲಾಗಿ ಕೂತವು. ತಪಾಸಣೆಯವನು ಏನೋ ಬರೆದುಕೊಂಡ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಆ ಸಂಜೆ ಆಕೆ ನಮ್ಮ ಅಡುಗೆಮನೆಗೆ ಬಂದು ಕೂತಳು. ನಾನು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಆಮೇಲೆ ತಪಾಸಣೆಯ ಪ್ರಶ್ನೆಗಳಿಗೆ ಉತ್ತರ ತುಂಬಲು ಲ್ಯಾಪ್‌ಟಾಪ್ ತೆರೆದೆ. ಹಾಳು ವೆಬ್‌ಸೈಟ್ ಮಾತ್ರ, ಆ ದಿನವೇ ಒಂದು ಸಲವೂ ಕೈಕೊಡದೆ, ನೇರವಾಗಿ ಕೇಳಿತು: ಗೂಡುಗಳ ಬಳಿ ಕಾಗೆಗಳಿಗೆ ಆಹಾರ ಹಾಕಲಾಗಿತ್ತೇ?

"ಆ ಅನ್ನ ಯಾರಿಗೆ ಇಟ್ಟಿದ್ದು?" ಎಂದು ಆಕೆ ಕೇಳಿದಳು.

"ತೀರಿಹೋದ ನಮ್ಮ ಮಾವನವರಿಗೆ."

"ಹಾಗಾದರೆ ಇಲ್ಲ ಅಂತಲೇ ಒತ್ತು."

ತಪಾಸಣೆಯವನು ಕಣ್ಣಾರೆ ನೋಡಿದ್ದ. ನಾನು ಹೌದು ಎಂದು ಒತ್ತಿದೆ.

ಸೆಪ್ಟೆಂಬರ್‌ನಲ್ಲಿ ಲಾರಿ ಬಂದು ಕುರಿಗಳನ್ನು ತುಂಬಿಕೊಂಡು ಹೋಯಿತು. ಮೈಸೂರಿಗೆ ವಾಪಸಾಗಿದ್ದ ಅತ್ತೆ ಅವತ್ತೇ ಫೋನ್ ಮಾಡಿ, "ಗೋಡೆ ಮೇಲೆ ಅನ್ನ ಇಡ್ತಿದೀಯ ತಾನೇ?" ಎಂದು ಕೇಳಿದರು.

"ಇಡ್ತಿದೀನಿ ಅತ್ತೆ," ಎಂದೆ. ಗೋಡೆಯಾಚೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಮೇಯುವವರಿಲ್ಲದೆ.