ಏಕಾದಶಿಯ ಗುಳಿಗೆ

ಮೀಸೆ ಕಪ್ಪು, ಹುಬ್ಬು ಬಿಳಿ. ಎರಡೂ ಕಿವಿಗಳ ಮುಂದೆ ಒಣಗಿ ಬಿರಿದ ಗೋಪಿಚಂದನದ ಮುದ್ರೆ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಔಷಧಿ ಅಂಗಡಿಯಲ್ಲಿ ಅವರ ವ್ಯಾಪಾರವೆಲ್ಲ ತೆಲುಗು, ಹಿಂದಿಯಲ್ಲಿ. ಬೈಯುವುದು ಮಾತ್ರ ರಾಯಚೂರು ಕಡೆಯ ಕನ್ನಡದಲ್ಲಿ. ನಮಗೆಲ್ಲ ಅವರು ಕಾಕಾ.

ಬೈಸಿಕೊಂಡವರಲ್ಲಿ ನಾನೇ ಮುಂದು. ಮೊದಲ ಹೆರಿಗೆಯಲ್ಲಿ ಆಸ್ಪತ್ರೆಯವರು ನನಗೆ ರಕ್ತ ಏರಿಸಿದ್ದರು. ಅದರ ಜೊತೆಗೇ ಬಂದಿರಬೇಕು, ಹೆಪಟೈಟಿಸ್ ಸಿ. ಇಪ್ಪತ್ತೈದು ವರ್ಷ ಸುಮ್ಮನಿದ್ದು, ಲಿವರ್ ಕೆಡತೊಡಗಿದ ಮೇಲೆ ಪತ್ತೆಯಾಯಿತು. ನನ್ನ ಕಥೆ ಮುಗಿಯಿತೆಂದು ಅಂಗಡಿಯಲ್ಲೇ ಅತ್ತುಬಿಟ್ಟೆ. ಕಾಕಾ ಸ್ಟೂಲು ಎಳೆದು ಕೂರಿಸಿದರು. ಹಿಂದೆ ತಿಂಗಳುಗಟ್ಟಲೆ ಇಂಜೆಕ್ಷನ್ನು, ಚಳಿಜ್ವರ, ಅಷ್ಟಾದರೂ ಹಲವರಿಗೆ ಗುಣವಿಲ್ಲ. ಈಗ ಹನ್ನೆರಡು ವಾರ, ದಿನಕ್ಕೊಂದು ಗುಳಿಗೆ, ಹೆಚ್ಚುಕಡಿಮೆ ಎಲ್ಲರಿಗೂ ಗುಣ ಎಂದರು. ಆದರೆ ಗುಳಿಗೆ ತಪ್ಪಿಸಬಾರದು, ಕಂಡವರು ಹೇಳಿದ ಕಷಾಯ ಕುಡಿಯಬಾರದು. ಎಂದಿನಂತೆ ಎದೆಯುರಿಯ ಗುಳಿಗೆ ಕೇಳಿದ್ದಕ್ಕೆ, ಅದು ಈ ಔಷಧಿಯನ್ನು ಮೈಗೆ ಹತ್ತಗೊಡುವುದಿಲ್ಲ, ಡಾಕ್ಟರನ್ನು ಕೇಳಿ ಬಾ ಎಂದು ಗದರಿ ಕಳಿಸಿದರು.

ಖಾಲಿ ಡಬ್ಬಿ ತೋರಿಸಿದರೇ ಹೊಸ ಡಬ್ಬಿ, ಅದು ಅವರ ಕಟ್ಟಳೆ. ನನ್ನ ಮೊದಲ ಡಬ್ಬಿಯಲ್ಲೇ ಎರಡು ಗುಳಿಗೆ ಉಳಿದಿದ್ದವು. ಎರಡು ಏಕಾದಶಿ. ಮದುವೆಯಾದಾಗಿನಿಂದ ಆ ದಿನ ಗುಟುಕು ನೀರೂ ಮುಟ್ಟಿದವಳಲ್ಲ. ಒಂದು ಗುಳಿಗೆಗಾಗಿ ವ್ರತ ಬಿಡುವೆನೇ ಎಂಬ ಹಮ್ಮು ನನ್ನದು. ಕಾಕಾ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಅಲ್ಲೇ ಡಾಕ್ಟರಿಗೆ ಫೋನು ಹಚ್ಚಿದರು. ಇನ್ನು ಒಂದೂ ತಪ್ಪಕೂಡದು, ತಪ್ಪಿದರೆ ರೋಗ ಉಳಿದೀತು ಎಂದು ಡಾಕ್ಟರು ಅಂದರು.

ಮುಂದಿನ ಏಕಾದಶಿ ಬೆಳಿಗ್ಗೆ ಕಾಕಾ ಮನೆಗೇ ಬಂದರು. ಅವರದೂ ನೀರು ಮುಟ್ಟದ ಉಪವಾಸ, ನಲವತ್ತು ವರ್ಷದ್ದು. ಎರಡು ಲೋಟ ನೀರು ತರಿಸಿ ಒಂದನ್ನು ತಾವು ಹಿಡಿದರು.

"ದೋಷ ಬಂದ್ರ ಇಬ್ಬರಿಗೂ ಬರಲಿ. ನುಂಗು, ತಂಗಿ."

ಗಟಗಟ ಕುಡಿದೇಬಿಟ್ಟರು. ನಾಚಿಕೆಯಿಂದ ಕುಗ್ಗಿಹೋದೆ, ನುಂಗಿದೆ. ಚಿಕಿತ್ಸೆ ಮುಗಿಯುವವರೆಗೆ ಪ್ರತಿ ಏಕಾದಶಿಗೂ ಅವರು ಹೀಗೇ ಬಂದು ನನ್ನೊಡನೆ ನೀರು ಕುಡಿದರು.

ಗುಳಿಗೆ ಮುಗಿದು ಮೂರು ತಿಂಗಳಿಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಕಾಕಾ ವರದಿಯನ್ನು ಎರಡು ಸಲ ಓದಿ, ಲಿವರಿನ ತಪಾಸಣೆ ಮಾತ್ರ ಬಿಡಬೇಡ ಎಂದು ಮುಂದಿನ ಗಿರಾಕಿಯತ್ತ ತಿರುಗಿದರು.

ಹೋದ ವರ್ಷ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಕಾಕು, ಹೇಳಿದರು: ಆ ಒಂದೊಂದು ಏಕಾದಶಿಗೂ ಬದಲಾಗಿ ಕಾಕಾ ಅದೇ ವಾರ ಎರಡೆರಡು ದಿನ ನೀರು ಮುಟ್ಟದೆ ಇರುತ್ತಿದ್ದರಂತೆ. ಒಂದು ತಮ್ಮದು, ಒಂದು ನನ್ನದು.